ಉದ್ಯಾನವರ್ಣನೆಯೂ ಉಗಿಬಂಡಿಯ ದಾರಿಯೂ

೧

ಮಹಾಕಾವ್ಯದಲ್ಲಿ ಇರತಕ್ಕ ವರ್ಣನೆಗಳು ಹದಿನೆಂಟೆಂಬುದು ಕನ್ನಡ ಕವಿಗಳಿಗೂ ಲಾಕ್ಷಣಿಕರಿಗೂ ಸಮ್ಮತವಾದ ಮಾತು. ಇದಕ್ಕೆ ಮೂಲವಾದ ದಂಡಿಯ 'ಕಾವ್ಯಾದರ್ಶ'ದ ಎಣಿಕೆಯಲ್ಲಿ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯಗಳ ಸಾಲಿನಲ್ಲಿ ಉದ್ಯಾನವೂ, ಮುಂದೆ ಪ್ರಯಾಣವೂ ಬಂದಿವೆ. ಈ ಪಟ್ಟಿಯನ್ನು ಕಂಠಪಾಠವಾಗಿ ಬಲ್ಲವರು ಅನೇಕರು. ಅದರೊಳಗಿನ ಒಂದು ಸೂಕ್ಷ್ಮವನ್ನು ವಿಚಾರಮಾಡಿದವರು ವಿರಳ. ಪರ್ವತವು ಅಲ್ಲಿ ಪರ್ವತವಾಗಿಯೇ, ಸಮುದ್ರವು ಸಮುದ್ರವಾಗಿಯೇ ಬಂದಿರುವುದು. ಉದ್ಯಾನವಾದರೋ 'ಕ್ರೀಡೆ'ಯೆಂಬ ಶಬ್ದದೊಡನೆ ಸಮಾಸಗೊಂಡು, ಉದ್ಯಾನಕ್ರೀಡೆ ಜಲಕ್ರೀಡೆಗಳೆಂಬ ರೂಪದಿಂದ ಮಾತ್ರ ಪ್ರವೇಶಿಸಿರುವುದು. ಎಂದರೆ ತೋಟವು ಸ್ವತಃ ವರ್ಣ್ಯವಲ್ಲ. ನಾಯಕನು ಅಲ್ಲಿ ವಿಹರಿಸಿದಾಗ ವರ್ಣ್ಯವಾಗುವುದು. ಪ್ರಯಾಣದ ಗತಿಯೂ ಅಷ್ಟೇ. ಪಟ್ಟಿಯಲ್ಲಿ ಅದರ ಹಿಂದೆ ಮಂತ್ರಾಲೋಚನೆಯೂ ದೂತನೂ, ಮುಂದೆ ಯುದ್ಧವೂ ಇರುವುದರಿಂದ, ಅದು ದಂಡಯಾತ್ರೆಯೇ ಹೊರತು ದಾರಿಹೋಕನ ಪಯಣವಲ್ಲವೆಂಬುದು ಸ್ಪಷ್ಟ.

ಹೀಗೆ ಉದ್ಯಾನ, ಪ್ರಯಾಣಗಳೆರಡೂ ಕಾವ್ಯಲಕ್ಷಣದಲ್ಲಿ ಒಡೆಯನುಳ್ಳ ವಸ್ತುಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರಡೂ ಒಂದೇ ಕಾಲಕ್ಕೆ ಒಡೆಯರ ಕೈಯಿಂದ ಜಾರಿ ಸಾಮಾನ್ಯಜನರ ಕೈಗೆ ಬಂದುವು. ಉದ್ಯಾನವು ಸಾರ್ವಜನಿಕೋದ್ಯಾನವಾಯಿತು, ಪ್ರಯಾಣವು ರೈಲುಪ್ರಯಾಣವಾಯಿತು. ಈ ಪರಿವರ್ತನೆಯನ್ನು ಚರಿತ್ರಕಾರರು ಬರೆದಿದ್ದಾರೆ. ಸಾಹಿತ್ಯವಿಮರ್ಶೆಯು ಅದರ ಕಡೆಗೆ ಸಾಕಷ್ಟು ದೃಷ್ಟಿ ಹಾಯಿಸಿಲ್ಲ. ಅದರ ಫಲವಾಗಿ ಹಳಗನ್ನಡ ಕಾವ್ಯದ ಉದ್ಯಾನವರ್ಣನೆಗಳು ಪಾಠಶಾಲೆಗಳಲ್ಲಿ ಬೇಡದ ಸಾಮಗ್ರಿಯಂತೆ ಬದಿಗೆ ಸರಿದಿವೆ. ಮಾವು, ಮಲ್ಲಿಗೆ, ಕೋಗಿಲೆ, ತುಂಬಿಗಳೆಂಬ ಮಾಮೂಲು ಪರಿವಾರವೆಂದು ಹೇಳಿ, ಕಥೆ ಎಲ್ಲಿ ಮುಂದುವರಿಯುವುದೋ ಅಲ್ಲಿಗೆ ಪುಟ ತಿರುಗಿಸುವ ರೂಢಿ ಬೆಳೆದಿದೆ. ಈ ರೂಢಿಯು ಸಾಧುವೇ ಎಂಬುದು ಪ್ರಕೃತ ವಿಚಾರ.

೨

ತೋಟದ ಒಡೆತನವು ಎಂತಹ ಕಾವ್ಯವಸ್ತುವಾಗಬಲ್ಲುದೆಂಬುದಕ್ಕೆ ಶೂದ್ರಕನ 'ಮೃಚ್ಛಕಟಿಕ'ಕ್ಕಿಂತ ಉತ್ತಮ ನಿದರ್ಶನವಿಲ್ಲ. ಅಲ್ಲಿಯ ಪುಷ್ಪಕರಂಡಕವೆಂಬ ಜೀರ್ಣೋದ್ಯಾನವು ರಾಜನ ಮೈದುನನಾದ ಶಕಾರನ ವಶದಲ್ಲಿರುವುದು. ಎಂಟನೆಯ ಅಂಕದ ಆರಂಭದಲ್ಲಿ ಭಿಕ್ಷುವೊಬ್ಬನು ತನ್ನ ಕಾಷಾಯವಸ್ತ್ರವನ್ನು ಅಲ್ಲಿಯ ಕೊಳದಲ್ಲಿ ಒಗೆಯಲು ಬರುತ್ತಾನೆ. ಅದನ್ನು ಕಂಡ ಶಕಾರನು, ಈ ತೋಟವು ಭಾವನಾದ ಅರಸನಿಂದ ತನಗೆ ದೊರೆತದ್ದೆಂದು ಗರ್ಜಿಸಿ ಅವನನ್ನು ಹೊಡೆಯುತ್ತಾನೆ. ಅದೇ ಅಂಕದಲ್ಲಿ ಅದೇ ಶಕಾರನು ಅದೇ ತೋಟದಲ್ಲಿ ವಸಂತಸೇನೆಯ ಕೊರಳನ್ನು ಹಿಸುಕಿ, ಸತ್ತಳೆಂದು ತರಗೆಲೆಗಳಿಂದ ಮುಚ್ಚಿ ಹೋಗುತ್ತಾನೆ. ಆಕೆಯನ್ನು ಉಳಿಸುವವನು ಯಾರು? ಏಟುತಿಂದ ಆ ಭಿಕ್ಷುವೇ. ತೋಟದ ಒಡೆಯನು ಕೊಲ್ಲುತ್ತಾನೆ. ತೋಟದಲ್ಲಿ ಕಾಲಿಡಲು ಅಧಿಕಾರವಿಲ್ಲದವನು ಬದುಕಿಸುತ್ತಾನೆ. ಇಷ್ಟನ್ನು ಬಿಟ್ಟು ಆ ಉದ್ಯಾನವನ್ನು ಬರಿಯ ಉದ್ದೀಪನವಿಭಾವವೆಂದು ಲೆಕ್ಕಕ್ಕೆ ಹಿಡಿದರೆ ನಾಟಕದ ಮರ್ಮವೇ ಕೈತಪ್ಪುವುದು.

ಇಲ್ಲಿ ಇನ್ನೊಂದು ಅಂಶವೂ ಗಮನಾರ್ಹ. ವಸಂತಸೇನೆಯು ಆ ತೋಟವನ್ನು ಸೇರಿದ್ದು ಬಂಡಿಯ ಅದಲುಬದಲಿನಿಂದ. ಹಳ್ಳಿಯ ಬಂಡಿಗಳು ದಾರಿಯನ್ನು ಕಟ್ಟಿದ್ದರಿಂದ ಶಕಾರನ ಬಂಡಿಯು ಚಾರುದತ್ತನ ಮನೆಯ ಮುಂದೆ ನಿಂತಿತು. ಆಕೆ ಅದನ್ನು ಚಾರುದತ್ತನದೆಂದು ಬಗೆದು ಏರಿದಳು. ಚಾರುದತ್ತನ ಬಂಡಿಯನ್ನು ಸೆರೆಮನೆಯಿಂದ ತಪ್ಪಿಸಿಕೊಂಡ ಆರ್ಯಕನು ಏರಿದನು. ಬಂಡಿಗಳಿಗೆ ಒಡೆಯರಿದ್ದುದರಿಂದಲೇ ಈ ವಿಪರ್ಯಯವು ಪ್ರಾಣಾಂತಿಕವಾಯಿತು. ಯಾರೂ ಏರಬಹುದಾದ ಬಂಡಿಯೂ, ಯಾರೂ ಹೋಗಬಹುದಾದ ತೋಟವೂ ಇದ್ದಿದ್ದರೆ ಈ ಪ್ರಕರಣಕ್ಕೆ ಬೀಜವೇ ಇರುತ್ತಿರಲಿಲ್ಲ. ಸಂಸ್ಕೃತ ನಾಟಕಕಾರನು ತೋಟವನ್ನೂ ಬಂಡಿಯನ್ನೂ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ಕಂಡಿದ್ದನೆಂಬುದಕ್ಕೆ ಇದು ಸಾಕ್ಷಿ.

೩

ಇನ್ನು ಕನ್ನಡದ ಕಡೆಗೆ ತಿರುಗಬಹುದು. 'ಕವಿರಾಜಮಾರ್ಗ'ವು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳೆಂಬ ನಾಲ್ಕು ಊರುಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಹೇಳಿತು. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರವೆಂಬುದು ಸರ್ವವಿದಿತ. ಕ್ರಿ. ಶ. ೯೪೧ರಲ್ಲಿ 'ವಿಕ್ರಮಾರ್ಜುನವಿಜಯ'ವನ್ನು ಮುಗಿಸಿದ ಪಂಪನು ತನ್ನ ಕಾವ್ಯದ ಭಾಷೆಯು ಪುಲಿಗೆರೆಯ ತಿರುಳ್ಗನ್ನಡವೆಂದು ಸಾರಿಕೊಂಡಿದ್ದಾನೆ. ಆ ಕನ್ನಡದಿಂದ ಅವನು ಚಿತ್ರಿಸಿದ ಉದ್ಯಾನವಾದರೋ ಬನವಾಸಿಯದು.

ಬನವಾಸಿಯ ವರ್ಣನೆಯು ನಾಲ್ಕನೆಯ ಆಶ್ವಾಸದಲ್ಲಿ, ಅರ್ಜುನನ ತೀರ್ಥಯಾತ್ರೆಯ ಸಂದರ್ಭದಲ್ಲಿ ಬರುವುದು. ಲಕ್ಷಣಗ್ರಂಥದ ಎರಡು ನಿಯಮಗಳು ಇಲ್ಲಿ ಏಕಕಾಲಕ್ಕೆ ಸಡಿಲಗೊಂಡಿವೆ. ಮೊದಲನೆಯದಾಗಿ, ಈ ಪ್ರಯಾಣವು ದಂಡಯಾತ್ರೆಯಲ್ಲ. ಸೇನೆಯಿಲ್ಲದ ಯಾತ್ರಿಕನ ನಡೆ. ಎರಡನೆಯದಾಗಿ, ಈ ಉದ್ಯಾನವು ನಾಯಕನದಲ್ಲ. ಅವನು ಅಲ್ಲಿ ಹಾದುಹೋಗುವ ಪರಸ್ಥಳದವನು. ಆದುದರಿಂದಲೇ ಅವನಲ್ಲಿ ಹುಟ್ಟುವ ಆಶೆಯು ಆ ಬನವನ್ನು ತನ್ನದಾಗಿ ಮಾಡಿಕೊಳ್ಳಬೇಕೆಂಬುದಲ್ಲ. ಮನುಷ್ಯನಾಗಿ ಹುಟ್ಟಲಾಗದಿದ್ದರೆ ತುಂಬಿಯಾಗಿಯೋ ಕೋಗಿಲೆಯಾಗಿಯೋ ಅಲ್ಲಿ ಇರಬೇಕೆಂಬುದು. ತುಂಬಿಗೆ ತೋಟದ ಒಡೆತನವಿಲ್ಲ; ಇರುವ ಭಾಗ್ಯ ಮಾತ್ರ ಉಂಟು. ವಿಮರ್ಶಕರು ಈ ಪದ್ಯಗಳಲ್ಲಿ ಪಂಪನ ನಾಡೊಲವನ್ನು ಕಂಡು ಕೊಂಡಾಡಿದ್ದಾರೆ. ಅದು ಯುಕ್ತವೇ. ಆದರೆ ಆ ಒಲವಿನ ಸ್ವರೂಪವು ಸ್ವಾಮ್ಯವನ್ನು ಬಿಟ್ಟುಕೊಟ್ಟ ಒಲವೆಂಬುದನ್ನು ಒತ್ತಿ ಹೇಳಿದುದು ಕಡಮೆ. ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿ ಇರಿಸಿದ ಕವಿಯು, ಆ ಒಡೆಯನ ಬಾಯಿಂದಲೇ ಒಡೆತನವಿಲ್ಲದ ಆಶೆಯನ್ನು ಆಡಿಸಿದುದು ಸಾಮಾನ್ಯವಾದ ಧೈರ್ಯವಲ್ಲ.

ಹರಿಹರನ 'ಪುಷ್ಪರಗಳೆ'ಯಲ್ಲಿ ಮೂರನೆಯದೊಂದು ರೀತಿಯುಂಟು. ಅಲ್ಲಿಯ ಹೂದೋಟಕ್ಕೆ ಒಡೆಯನಿದ್ದಾನೆ. ಆದರೆ ಅವನು ಹಂಪೆಯ ವಿರೂಪಾಕ್ಷ. ಭಕ್ತನು ಹೂವನ್ನು ಕೊಯ್ಯುವುದು ತನ್ನ ಮುಡಿಗಲ್ಲ, ದೇವರ ಮುಡಿಗೆ. ದೇವಾಲಯಗಳಿಗೆ ಹೂದೋಂಟವನ್ನು ದತ್ತಿಬಿಟ್ಟ ಶಾಸನಗಳು ಕನ್ನಡನಾಡಿನಲ್ಲಿ ಹೇರಳವಾಗಿರುವುದರಿಂದ, ಈ ರಗಳೆಯ ಹಿಂದೆ ನಿಜವಾದ ತೋಟಗಳ ಆಚಾರವಿತ್ತೆಂಬುದರಲ್ಲಿ ಸಂದೇಹವಿಲ್ಲ. ಇಲ್ಲಿ ಒಡೆತನವು ಮನುಷ್ಯರಿಂದ ಮೇಲಕ್ಕೆ ಸರಿದು, ಕೆಳಗೆ ಸೇವೆಯು ಉಳಿದಿದೆ.

ಹೀಗೆ ಶೂದ್ರಕನಲ್ಲಿ ಒಡೆಯನ ತೋಟ, ಹರಿಹರನಲ್ಲಿ ದೇವರ ತೋಟ, ಪಂಪನಲ್ಲಿ ಹಾದುಹೋಗುವವನ ತೋಟ. ಮರಗಿಡಗಳು ಮೂರರಲ್ಲಿಯೂ ಬಹುಮಟ್ಟಿಗೆ ಒಂದೇ. ತೋಟಗಳು ಮಾತ್ರ ಬೇರೆಬೇರೆ. ಉದ್ಯಾನವರ್ಣನೆಗಳೆಲ್ಲ ಒಂದೇ ಅಚ್ಚಿನವೆಂಬ ಆಕ್ಷೇಪವು ಮರಗಳನ್ನು ಎಣಿಸಿದವರದೇ ಹೊರತು, ತೋಟವು ಯಾರದೆಂದು ಕೇಳಿದವರದಲ್ಲ.

೪

ಈ ತಿರುಳ್ಗನ್ನಡದ ನಾಡಿಗೆ ಉಗಿಬಂಡಿಯು ಬಂದುದು ಕಾವ್ಯಕ್ಕಾಗಿ ಅಲ್ಲ, ವಿಹಾರಕ್ಕಾಗಿಯೂ ಅಲ್ಲ. ೧೮೭೬ರಿಂದ ೧೮೭೮ರವರೆಗಿನ ಘೋರವಾದ ಕ್ಷಾಮದಲ್ಲಿ ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸುವ ದಾರಿಯಿಲ್ಲದೆ ಅಪಾರ ಜನಹಾನಿಯಾಯಿತು. ಅನಂತರ ಕ್ಷಾಮನಿವಾರಣೆಯ ದೃಷ್ಟಿಯಿಂದ ದಾರಿಗಳನ್ನು ಹಾಕುವ ನಿರ್ಧಾರವಾಗಿ, ೧೮೮೨ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪೆನಿಯು ಸ್ಥಾಪಿತವಾಯಿತು. ೧೮೮೪ರಲ್ಲಿ ಹೊಟಗಿಯಿಂದ ಗದುಗಿನವರೆಗೆ ದಾರಿ ತೆರೆಯಿತು. ಮುಂದೆ ಹುಬ್ಬಳ್ಳಿ, ಗುಂತಕಲ್ಲುಗಳ ಕಡೆಗೂ ದಾರಿಗಳು ಕೂಡಿಕೊಂಡು ಗದುಗು ಕೂಡುನಿಲ್ದಾಣವಾಯಿತು. ಕ್ಷಾಮದ ಜೊತೆಗೆ ಹತ್ತಿಯ ವ್ಯಾಪಾರವೂ ಇದಕ್ಕೆ ಕಾರಣವೆಂಬುದನ್ನು ಮರೆಯತಕ್ಕದ್ದಲ್ಲ.

ಕುತೂಹಲದ ಸಂಗತಿಯೇನೆಂದರೆ, 'ಕವಿರಾಜಮಾರ್ಗ'ದ ನಾಲ್ಕು ಮೇರೆಗಳಲ್ಲಿ ಎರಡಕ್ಕೆ ಈ ದಾರಿಗಳು ಸಮೀಪವಾದುವು. ಕೊಪಣವು ಗುಂತಕಲ್ಲಿನ ದಾರಿಯಲ್ಲಿ ಕೊಪ್ಪಳವೆಂಬ ನಿಲ್ದಾಣವಾಯಿತು. ಹೊಟಗಿಯ ದಾರಿಯಲ್ಲಿ ಬಾದಾಮಿಯಲ್ಲಿ ಇಳಿದವರಿಗೆ ಕಿಸುವೊಳಲು, ಎಂದರೆ ಪಟ್ಟದಕಲ್ಲು, ದೂರವಲ್ಲ. ಒಕ್ಕುಂದ, ಪುಲಿಗೆರೆಗಳು ಬದಿಗೆ ಉಳಿದುವು. ಲಕ್ಷ್ಮೇಶ್ವರದವರು ಉಗಿಬಂಡಿ ಹಿಡಿಯಲು ಗುಡಗೇರಿಗೆ ಹೋಗಬೇಕಾಯಿತು. ಶಿರಹಟ್ಟಿ, ಮುಂಡರಗಿಗಳೂ ಆ ಕಾಲದ ದಾರಿಗಳಿಂದ ಹೊರಗಾದುವು. ಆಗ ಲಕ್ಷ್ಮೇಶ್ವರವು ಮೀರಜದ ಪಟವರ್ಧನರ ಸಂಸ್ಥಾನಕ್ಕೂ, ಶಿರಹಟ್ಟಿಯು ಸಾಂಗಲಿಯ ಸಂಸ್ಥಾನಕ್ಕೂ, ಮುಂಡರಗಿಯು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಗೂ, ಕೊಪ್ಪಳವು ನಿಜಾಮನ ರಾಜ್ಯಕ್ಕೂ ಸೇರಿದ್ದುವು. ಒಂದೇ ತಿರುಳ್ಗನ್ನಡದ ನಾಡು ನಾಲ್ವರು ಒಡೆಯರ ನಡುವೆ ಹಂಚಿಹೋಗಿತ್ತು. ಈ ಮೇರೆಗಳನ್ನು ದಾಟುವ ಕನ್ನಡಿಗರೆಲ್ಲ ಒಂದೇ ಹಲಗೆಯ ಮೇಲೆ ಕುಳಿತ ಸ್ಥಳವು ಉಗಿಬಂಡಿಯ ಮೂರನೆಯ ತರಗತಿ.

ಈ ಕಂಪೆನಿಗೂ ಕನ್ನಡ ಸಾಹಿತ್ಯದ ಅಧ್ಯಯನಕ್ಕೂ ಪ್ರತ್ಯಕ್ಷವಾದೊಂದು ಸಂಬಂಧವೂ ಉಂಟು. ೧೯೦೮ರಲ್ಲಿ ಅದು ಮದರಾಸು ರೈಲ್ವೆಯೊಡನೆ ಕೂಡಿಹೋಯಿತು. ಧಾರವಾಡದಲ್ಲಿ ಅದರ ಮುಖ್ಯ ಕಚೇರಿಯಾಗಿದ್ದ ಭವನವು, ೧೯೧೭ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿಗೆ ನೆಲೆಯಾಯಿತು. ಪಂಪ, ಹರಿಹರರನ್ನು ಉತ್ತರ ಕರ್ನಾಟಕದ ಹಲವು ತಲೆಮಾರಿನ ವಿದ್ಯಾರ್ಥಿಗಳು ಓದಿದುದು ಉಗಿಬಂಡಿಯ ಲೆಕ್ಕಪತ್ರಗಳಿದ್ದ ಮನೆಯಲ್ಲಿ.

೫

ಪ್ರಯಾಣವು ಜನಸಾಮಾನ್ಯವಾದ ಬಗೆಯು ಇದು. ಉದ್ಯಾನವು ಹಾಗಾದ ಬಗೆಯನ್ನು ಕನ್ನಡನಾಡಿನಲ್ಲಿ ನೋಡಬೇಕಾದರೆ ಬೆಂಗಳೂರಿನ ಲಾಲ್‌ಬಾಗಿಗೆ ಹೋಗಬೇಕು. ೧೭೬೦ರಲ್ಲಿ ಹೈದರಾಲಿಯು ತೊಡಗಿಸಿ, ಟಿಪ್ಪುವು ಬೆಳೆಸಿದ ಈ ತೋಟವು ಮೊದಲು ಅರಸರ ಉಪವನ. ೧೭೯೯ರ ಅನಂತರ ಕಂಪೆನಿ ಸರ್ಕಾರದ ಕೈಸೇರಿ, ೧೮೫೬ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಬೆಂಗಳೂರಿಗೆ ಜೋಲಾರಪೇಟೆಯ ಕಡೆಯಿಂದ ಉಗಿಬಂಡಿಯು ಬಂದುದು ೧೮೬೪ರಲ್ಲಿ. ಅದೇ ಊರಿನಲ್ಲಿ ಕಬ್ಬನ್ ಪಾರ್ಕು ಸಿದ್ಧವಾದುದು ೧೮೭೦ರಲ್ಲಿ. ಲಾಲ್‌ಬಾಗಿನ ಗಾಜಿನಮನೆಗೆ ಅಸ್ತಿಭಾರವಿಟ್ಟುದು ೧೮೮೯ರಲ್ಲಿ. ಇವೆಲ್ಲವೂ ಒಂದು ಮನುಷ್ಯಾಯುಷ್ಯದೊಳಗೆ ನಡೆದುವು.

ಗಾಜಿನಮನೆಯ ಪೂರ್ವೋತ್ತರವನ್ನು ವಿಚಾರಿಸಿದರೆ ತೋಟಕ್ಕೂ ಉಗಿಬಂಡಿಗೂ ಇರುವ ಬಾಂಧವ್ಯವು ಇನ್ನೂ ವಿಶದವಾಗುವುದು. ಲಂಡನ್ನಿನಲ್ಲಿ ೧೮೫೧ರ ಮಹಾಪ್ರದರ್ಶನಕ್ಕಾಗಿ ಎತ್ತಿದ ಸ್ಫಟಿಕಭವನವು ಈ ಬಗೆಯ ಕಟ್ಟಡಗಳಿಗೆ ಮಾದರಿ. ಅದನ್ನು ಕಲ್ಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ವೃತ್ತಿಯಿಂದ ತೋಟಗಾರ. ಚಾಟ್ಸ್‌ವರ್ತಿನಲ್ಲಿ ಡೆವನ್‌ಶೈರಿನ ಡ್ಯೂಕನ ತೋಟವನ್ನು ನೋಡಿಕೊಳ್ಳುತ್ತಿದ್ದವನು. ೧೮೫೦ರ ಜೂನ್ ತಿಂಗಳಲ್ಲಿ ಮಿಡ್‌ಲೆಂಡ್ ರೈಲ್ವೆಯ ಸಭೆಯೊಂದರಲ್ಲಿ ಕುಳಿತಿದ್ದಾಗ, ಶಾಯಿ ಹೀರುವ ಕಾಗದದ ಮೇಲೆ ಅವನು ಆ ಭವನದ ಮೊದಲ ರೇಖೆಗಳನ್ನು ಎಳೆದನು. ಇದಕ್ಕೆ ಮೊದಲೇ, ೧೮೪೭ರಲ್ಲಿ, ಅವನು ರೂಪಿಸಿದ ಬರ್ಕನ್‌ಹೆಡ್ ಪಾರ್ಕು ಸಾರ್ವಜನಿಕ ಹಣದಿಂದ ಸಾರ್ವಜನಿಕರಿಗಾಗಿ ತೆರೆದಿತ್ತು. ಡ್ಯೂಕನೊಬ್ಬನ ತೋಟದಲ್ಲಿ ಕಲಿತ ವಿದ್ಯೆಯು ಹೀಗೆ ಉಗಿಬಂಡಿಯ ಯುಗದಲ್ಲಿ ಎಲ್ಲರ ತೋಟವಾಯಿತು. ಲಾಲ್‌ಬಾಗಿನ ಗಾಜಿನಮನೆಯ ಕಬ್ಬಿಣದ ಅಂಗಗಳೂ ಗ್ಲಾಸ್ಗೋದಲ್ಲಿ ಎರಕಗೊಂಡು ಬಂದು ಇಲ್ಲಿ ಜೋಡಣೆಯಾದುವು. ಬಿಡಿಬಿಡಿಯಾಗಿ ಎರೆದ ಕಬ್ಬಿಣವನ್ನು ದೂರದಲ್ಲಿ ಕೂಡಿಸುವ ಈ ಶಿಲ್ಪವು ನಿಲ್ದಾಣದ ಮಾಡು, ಹೊಳೆಯ ಸೇತುವೆಗಳ ಶಿಲ್ಪವೇ.

೬

ಈಗ ಅಲಂಕಾರಶಾಸ್ತ್ರದ ಒಂದು ಮುಖ್ಯಸಿದ್ಧಾಂತವನ್ನು ಸ್ಮರಿಸಬೇಕು. ರಂಗದ ಮೇಲಿನ ರಾಮನ ದುಃಖವು ಸಹೃದಯನಿಗೆ ಆನಂದವಾಗುವುದು ಹೇಗೆಂಬ ಪ್ರಶ್ನೆಗೆ ಭಟ್ಟನಾಯಕನು ಸಾಧಾರಣೀಕರಣವೆಂದು ಉತ್ತರ ಕೊಟ್ಟನು. ಅಭಿನವಗುಪ್ತನು ಅದನ್ನು ಸ್ವೀಕರಿಸಿ ತಿದ್ದಿದನು. ಕಾವ್ಯದ ಭಾವವು ನನ್ನದೆಂದೂ ತೋರದು, ಪರರದೆಂದೂ ತೋರದು. ಶತ್ರುವಿನದೂ ಅಲ್ಲ, ಮಿತ್ರನದೂ ಅಲ್ಲ, ಉದಾಸೀನನದೂ ಅಲ್ಲ. ಸ್ವಾಮ್ಯದ ಸಂಬಂಧವು ಕಳಚಿದಾಗಲೇ ರಸಾಸ್ವಾದವು ಸಾಧ್ಯ.

ಸಾರ್ವಜನಿಕೋದ್ಯಾನದ ಲಕ್ಷಣವನ್ನು ಹೇಳಬೇಕಾದರೆ ಇದಕ್ಕಿಂತ ತಕ್ಕ ಮಾತು ದೊರೆಯಲಾರದು. ಅಲ್ಲಿಯ ಮರದ ನೆರಳು ಕುಳಿತವನದಲ್ಲ, ಪಕ್ಕದವನದೂ ಅಲ್ಲ. ಇಬ್ಬರಿಗೂ ಇಲ್ಲದುದರಿಂದಲೇ ಇಬ್ಬರಿಗೂ ಉಂಟು. ಉಗಿಬಂಡಿಯ ಆಸನವೂ ಹಾಗೆಯೇ. ಶತಮಾನಗಳ ಹಿಂದೆ ಕಾವ್ಯದಲ್ಲಿ ಮಾತ್ರ ಸಿದ್ಧವಾಗಿದ್ದ ಸಾಧಾರಣ್ಯಕ್ಕೆ ನೆಲದ ಮೇಲೆಯೂ ಒಂದು ಛಾಯೆಯು ಹೀಗೆ ದೊರೆಯಿತು.

ಇಲ್ಲಿ ಪೂರ್ವಪಕ್ಷವೇಳುವುದು. ಉಗಿಬಂಡಿಯಲ್ಲಿ ಒಂದು, ಎರಡು, ಮೂರೆಂದು ತರಗತಿಗಳಿರಲಿಲ್ಲವೇ? ಉದ್ಯಾನಕ್ಕೆ ಬೇಲಿಯೂ ಕಾವಲುಗಾರನೂ ಇಲ್ಲವೇ? ದಾರಿಯನ್ನು ಹಾಕಿದವರು ಹತ್ತಿಯ ಲಾಭವನ್ನೂ ಆಳಿಕೆಯ ಭದ್ರತೆಯನ್ನೂ ಎಣಿಸಿದವರಲ್ಲವೇ? ಇದರಲ್ಲಿ ಸಾಧಾರಣ್ಯವೆಲ್ಲಿಂದ ಬಂದಿತು? ಆಕ್ಷೇಪವು ಸಬಲವಾದುದು, ಸಂಗತಿಗಳೂ ಸತ್ಯ. ಆದರೆ ಲೋಕದ ಕಾರಣವೇ ಬೇರೆ, ಕಾವ್ಯದ ವಿಭಾವವೇ ಬೇರೆ ಎಂಬುದು ಶಾಸ್ತ್ರದ ಮೊದಲ ಪಾಠ. ಹಾಕಿದವರ ಉದ್ದೇಶವು ಏನೇ ಇರಲಿ, ಏರಿದವರ ಅನುಭವವು ಅದರಿಂದ ಬದ್ಧವಲ್ಲ. ಇದಲ್ಲದೆ ಬೇಲಿ, ವೇಳಾಪಟ್ಟಿ, ಟಿಕೀಟುಗಳು ಸಾಧಾರಣ್ಯಕ್ಕೆ ಸರ್ವಥಾ ವಿರೋಧಿಗಳೆಂದು ಹೇಳಲಾಗದು. ನಾಟ್ಯಕ್ಕೆ ಪೂರ್ವರಂಗವೂ ವೇಷವೂ ರಂಗಮಂಟಪವೂ ಬೇಕು. ಅವು ಪ್ರೇಕ್ಷಕನನ್ನು ಅವನ ಸ್ವಂತ ಸುಖದುಃಖಗಳಿಂದ ಬಿಡಿಸುವುವೆಂದು ಅಭಿನವಗುಪ್ತನ ಮತ. ಬೇಲಿಯಿಲ್ಲದ ತೋಟವು ಎಲ್ಲರ ತೋಟವಾಗದು. ಮೊದಲು ಬಂದ ದನದ ಮೇವಾಗುವುದು.

ತರಗತಿಗಳ ಮಾತಾದರೋ ಹಾಗೆ ಪರಿಹಾರವಾಗತಕ್ಕದ್ದಲ್ಲ. ಅದು ಸಾಧಾರಣ್ಯದ ಭಂಗವೇ ಸರಿ. ಅದನ್ನು ಭಂಗವೆಂದು ಗುರುತಿಸುವ ಕಣ್ಣು ಸಾಹಿತ್ಯಕ್ಕೆ ಇರಬೇಕು. ಶೂದ್ರಕನಿಗೆ ಆ ಕಣ್ಣು ಇತ್ತು. ಭಿಕ್ಷುವಿಗೆ ಬಿದ್ದ ಏಟನ್ನು ಅವನು ಹಾಸ್ಯದ ನಡುವೆಯೂ ಮರೆಸಲಿಲ್ಲ.

೭

ಆದುದರಿಂದ ಉದ್ಯಾನವರ್ಣನೆಯನ್ನು ಪಾಠಹೇಳುವವರು ಪುಟ ತಿರುಗಿಸುವುದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕೇಳುವುದು ಯುಕ್ತ. ಈ ತೋಟವು ಯಾರದು? ಇಲ್ಲಿಗೆ ಯಾರು ಬರಬಹುದು? ಬಂದವರು ಯಾವ ದಾರಿಯಿಂದ ಬಂದರು? ಈ ಮೂರನ್ನು ಕೇಳಿದೊಡನೆ ಮಾವು ಮಲ್ಲಿಗೆಗಳ ಹಿಂದಿನ ಮನುಷ್ಯರು ಕಾಣತೊಡಗುತ್ತಾರೆ. ರಾಘವಾಂಕನ 'ಸೋಮನಾಥ ಚಾರಿತ್ರ'ವನ್ನು ಹೀಗೆ ಓದಿದರೆ, ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದ ಆದಯ್ಯನು ಮತಕಲಹದ ವೀರನಾಗುವುದಕ್ಕೆ ಮೊದಲು ದೂರದಾರಿಯ ಪರಸ್ಥಳದವನೆಂಬುದು ಮನಸ್ಸಿಗೆ ಬರುವುದು. ಆ ಊರು ಅವನಿಗೆ ಏನನ್ನು ತೆರೆಯಿತು, ಏನನ್ನು ಮುಚ್ಚಿತು ಎಂಬುದೇ ಕಥೆಯ ಬೀಜವೆಂದು ತಿಳಿಯುವುದು.

ಈ ಪ್ರಶ್ನೆಗಳು ಗ್ರಂಥಕ್ಕೆ ಮಾತ್ರ ಸೀಮಿತವಲ್ಲ. ಗದುಗು, ಶಿರಹಟ್ಟಿ, ಮುಂಡರಗಿಗಳ ನಡುವೆ ಹಬ್ಬಿರುವ ಕಪ್ಪತಗುಡ್ಡವು ಯಾರೂ ನೆಡದ, ಔಷಧಿಸಸ್ಯಗಳಿಗೆ ಹೆಸರಾದ ಉದ್ಯಾನ. ಅದು ಯಾರದೆಂಬ ಪ್ರಶ್ನೆಯು ಜನರ ನಡುವೆ ಎದ್ದು, ಹೋರಾಟ ನಡೆದು, ೨೦೧೯ರಲ್ಲಿ ಗುಡ್ಡವು ವನ್ಯಜೀವಿಧಾಮವಾಯಿತು. ಉಗಿಬಂಡಿಯ ಕಥೆಯೂ ತೋಟಕ್ಕೇ ಬಂದು ನಿಂತಿದೆ: ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ ೨೦೨೦ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯದ ಅಂಗಳದಲ್ಲಿ ಹಳೆಯ ಎಂಜಿನುಗಳು ವಿಶ್ರಮಿಸುತ್ತಿವೆ. ಪ್ರಯಾಣವು ಹೀಗೆ ಉದ್ಯಾನದ ವಸ್ತುವಾಗಿದೆ. ಮಣ್ಣಿನ ಬಂಡಿಯಿಂದ ಹೊಗೆಯ ಬಂಡಿಯವರೆಗೆ ಬಂದ ದಾರಿಯು ಮಕ್ಕಳ ಆಟಕ್ಕೇ ಮರಳಿದೆಯೆಂದರೂ ಸಲ್ಲುವುದು.

ಗದುಗಿನಲ್ಲಿ ಈ ವಿಚಾರಕ್ಕೆ ಹಿರಿಯ ಪ್ರಮಾಣವೊಂದಿದೆ. ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಕನ್ನಡಿಸಿದ ಕುಮಾರವ್ಯಾಸನು, ಕವಿಯು ವೀರನಾರಾಯಣನೆಂದೂ ತಾನು ಬರೆದುಕೊಂಡವನು ಮಾತ್ರವೆಂದೂ ಹೇಳಿ ತನ್ನ ಕಾವ್ಯದ ಒಡೆತನವನ್ನೇ ಬಿಟ್ಟುಕೊಟ್ಟನು. ಹಾಗೆ ಬಿಟ್ಟುಕೊಟ್ಟುದರಿಂದಲೇ ಅದು ಊರೂರಿನ ಗಮಕಿಗಳದೂ ಕೇಳುಗರದೂ ಆಯಿತು. ಕಾವ್ಯವೂ ತೋಟವೂ ದಾರಿಯೂ ಎಲ್ಲರವಾಗುವ ಕ್ರಮವು ಇದೊಂದೇ. ಅದನ್ನು ಹಳಗನ್ನಡದ ಉದ್ಯಾನಗಳಲ್ಲಿ ಹುಡುಕಿ ತೋರಿಸುವ ಹೊಣೆಯು ಅಧ್ಯಾಪಕರದು.